ಮೊದಲ ಮಳೆಯ ಹಸಿರು: ರಾಸುಗಳನ್ನು ಮೇವಿಗೆ ಬಿಡುವುದು ಯಾವಾಗ?



ಅಶ್ವಿನಿ, ಭರಣಿ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಹನೂರಿನ ಗುಡ್ಡಗಳ ಬುಡ, ಕೊಳ್ಳೇಗಾಲದ ಬೀಳು ಜಮೀನು, ಯಳಂದೂರಿನ ಕಾಲುವೆ ಏರಿ ಎಲ್ಲವೂ ತೆಳ್ಳಗೆ ಹಸಿರಾಗುತ್ತವೆ. ಬೇಸಿಗೆಯಿಡೀ ಒಣ ಹುಲ್ಲು ತಿಂದು ಬಡವಾದ ಹಸು ಆ ಹಸಿರು ಕಂಡೊಡನೆ ಗೂಟ ಕೀಳಲು ನೋಡುತ್ತದೆ. ಮೆದೆಯ ಹುಲ್ಲು ತಳ ಕಂಡಿರುತ್ತದೆ. ಆದ್ದರಿಂದ ನಾವೂ ಹಗ್ಗ ಬಿಚ್ಚಿ ಬಿಡುತ್ತೇವೆ. ಇದು ಎಲ್ಲ ಊರುಗಳಲ್ಲೂ ನಡೆದು ಬಂದಿರುವ ರೂಢಿ.

ಆದರೆ ಹದಿನೈದು ದಿನ ಕಳೆದ ಮೇಲೆ ಸಂಘಗಳ ಕಡೆ ಹೋದರೆ ಕೇಳಿಬರುವ ಪ್ರಶ್ನೆ ಒಂದೇ. "ಸಾ, ಹಸು ದಿನಾ ಹಸ್ರು ಮೇಯ್ತಾ ಅದೆ. ಆದ್ರೂ ಹಾಲು ಏರ್ನಿಲ್ಲ, ಫ್ಯಾಟು ಬೇರೆ ಇಳ್ದೋಯ್ತು, ಯಾಕೆ?" ಇದರ ಜೊತೆಗೆ ಹಿರಿಯರ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ: "ಮೊದಲು ಈ ಗೋಮಾಳದಲ್ಲಿ ಮೊಣಕಾಲುದ್ದ ಹುಲ್ಲು ಬೆಳೀತಿತ್ತು, ಈಗ ಗರಿಕೆ ಬಿಟ್ರೆ ಕಾಂಗ್ರೆಸ್ ಕಳೆ."

ಈ ಎರಡು ಮಾತುಗಳಿಗೂ ಮೂಲ ಬಹುಮಟ್ಟಿಗೆ ಒಂದೇ. ರಾಸುಗಳನ್ನು ಹುಲ್ಲಿಗೆ ಎಷ್ಟು ಹೊತ್ತು ಬಿಡುತ್ತೇವೆ ಎನ್ನುವುದಕ್ಕಿಂತ, ಹುಲ್ಲು ಯಾವ ಹಂತದಲ್ಲಿದ್ದಾಗ ಬಿಡುತ್ತೇವೆ, ಬಿಟ್ಟ ಮೇಲೆ ಅದಕ್ಕೆ ಎಷ್ಟು ದಿನ ಬಿಡುವು ಕೊಡುತ್ತೇವೆ ಎನ್ನುವುದೇ ಮುಖ್ಯ. ಈ ವಿಷಯವನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಹುಲ್ಲು ಮತ್ತೆ ಚಿಗುರುವುದು ಹೇಗೆ?

ಹುಲ್ಲಿನ ಅಡುಗೆ ಮನೆ ಅದರ ಎಲೆ. ಬಿಸಿಲು, ಗಾಳಿ, ನೀರು ಸೇರಿ ಎಲೆಯಲ್ಲಿ ಸಕ್ಕರೆ ತಯಾರಾಗುತ್ತದೆ. ದಿನದ ಖರ್ಚಿಗೆ ಬೇಕಾದುದನ್ನು ಬಳಸಿಕೊಂಡು ಉಳಿದದ್ದನ್ನು ಹುಲ್ಲು ತನ್ನ ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ಇದನ್ನು ತಾವು ಬ್ಯಾಂಕಿನ ಉಳಿತಾಯ ಖಾತೆ ಎಂದು ತಿಳಿಯಬಹುದು.

ಬೇಸಿಗೆಯಲ್ಲಿ ಎಲೆ ಒಣಗಿ ಹೋದಾಗ ಹುಲ್ಲು ಈ ಖಾತೆಯ ಮೇಲೆಯೇ ಜೀವ ಹಿಡಿದಿರುತ್ತದೆ. ಮೊದಲ ಮಳೆ ಬಿದ್ದೊಡನೆ ಹೊರಡುವ ಕುಡಿಗಳಿಗೆ ಅಡುಗೆ ಮಾಡಲು ಇನ್ನೂ ಎಲೆಯಿಲ್ಲ. ಆದ್ದರಿಂದ ಆ ಚಿಗುರು ಬರುವುದು ಉಳಿತಾಯದ ಹಣ ತೆಗೆದು. ಅಂದರೆ ನಮ್ಮ ಕಣ್ಣಿಗೆ ನೆಲ ಹಸಿರಾಗಿ ಕಾಣುವ ಆ ಮೊದಲ ವಾರಗಳಲ್ಲಿ ಹುಲ್ಲಿನ ಖಾತೆ ವರ್ಷದಲ್ಲೇ ಅತ್ಯಂತ ಬರಿದಾಗಿರುತ್ತದೆ. ಎರಡು ಮೂರು ಎಲೆ ಪೂರ್ತಿ ಬಿಚ್ಚಿಕೊಂಡು ಅಡುಗೆ ಶುರುವಾದ ಮೇಲೆಯೇ ಖಾತೆಗೆ ಮತ್ತೆ ಜಮೆ ಆಗುವುದು.

ಈ ನಡುವೆ ದನ ಬಂದು ಆ ಕುಡಿಯನ್ನು ಕಿತ್ತು ತಿಂದರೆ ಹುಲ್ಲು ಎರಡನೆಯ ಸಲ ಖಾತೆಗೆ ಕೈ ಹಾಕಬೇಕು. ನಾಲ್ಕು ದಿನ ಬಿಟ್ಟು ಮತ್ತೆ ತಿಂದರೆ ಮೂರನೆಯ ಸಲ. ಹೀಗೆ ಜಮೆಯೇ ಇಲ್ಲದೆ ಖರ್ಚು ಮಾತ್ರ ಆದರೆ ಬುಡ ಸಾಯುತ್ತದೆ. ಸಾಯುವುದು ಒಂದೇ ವರ್ಷದಲ್ಲಲ್ಲ. ಮೊದಲ ವರ್ಷ ಪೊದೆ ಸಣ್ಣದಾಗುತ್ತದೆ, ಮುಂದಿನ ವರ್ಷ ಕುಡಿಗಳು ಕಡಿಮೆಯಾಗುತ್ತವೆ, ಆಮೇಲೆ ಆ ಜಾಗದಲ್ಲಿ ಬರಿ ನೆಲ ಕಾಣುತ್ತದೆ. ಬರಿ ನೆಲಕ್ಕೆ ಮೊದಲು ಬಂದು ಕೂರುವುದು ದನ ಮುಟ್ಟದ ಪಾರ್ಥೇನಿಯಂ ಮತ್ತು ತಗಚೆ.

ಹುಲ್ಲಿನ ಬೆಳವಣಿಗೆಯಲ್ಲಿ ಮೂರು ಹಂತಗಳಿವೆ. ಮೇಯ್ದ ಅಥವಾ ಕೊಯ್ದ ಮೊದಲ ದಿನಗಳಲ್ಲಿ ಎಲೆ ಕಡಿಮೆ, ಆದ್ದರಿಂದ ಬೆಳವಣಿಗೆ ನಿಧಾನ. ಎಲೆ ಹೆಚ್ಚಿದಂತೆ ಎರಡನೆಯ ಹಂತದಲ್ಲಿ ದಿನದಿನಕ್ಕೆ ಕಾಣುವಂತೆ ಬೆಳೆಯುತ್ತದೆ. ಮೂರನೆಯ ಹಂತದಲ್ಲಿ ಹೂ ತೆನೆ ಹೊರಟು, ಕಾಂಡ ಬಲಿತು, ಕೆಳಗಿನ ಎಲೆ ಒಣಗಿ ಬೆಳವಣಿಗೆ ನಿಲ್ಲುತ್ತದೆ. ಮೊದಲ ಹಂತದಲ್ಲೇ ಮೇಯಿಸಿದರೆ ಹುಲ್ಲಿಗೆ ನಷ್ಟ, ಮೂರನೆಯ ಹಂತದವರೆಗೆ ಬಿಟ್ಟರೆ ಹಾಲಿಗೆ ನಷ್ಟ. ಎರಡನೆಯ ಹಂತದ ಕೊನೆಯಲ್ಲಿ ಮೇಯಿಸುವುದೇ ಜಾಣತನ.

ನೆಲದ ಕೆಳಗಿನ ಲೆಕ್ಕ

ಮೇಲೆ ಎಲೆ ಹೋದರೆ ಕೆಳಗೆ ಬೇರಿಗೇನು ಆಗುತ್ತದೆ ಎಂಬುದನ್ನು ಅಮೆರಿಕದ ಕ್ರೈಡರ್ ಎಂಬ ವಿಜ್ಞಾನಿ ಹಲವು ಬಗೆಯ ಹುಲ್ಲುಗಳಲ್ಲಿ ಪರೀಕ್ಷಿಸಿ 1955ರಲ್ಲಿ ಪ್ರಕಟಿಸಿದರು. ಎಲೆಯಲ್ಲಿ ಅರ್ಧದಷ್ಟನ್ನು ತೆಗೆದಾಗ ಬೇರಿನ ಬೆಳವಣಿಗೆಗೆ ಹೆಚ್ಚೇನೂ ತೊಂದರೆ ಆಗಲಿಲ್ಲ. ಆದರೆ ನೂರಕ್ಕೆ 80 ಭಾಗ ತೆಗೆದಾಗ ಎಲ್ಲ ಬೇರುಗಳೂ 12 ದಿನ ಬೆಳೆಯುವುದನ್ನೇ ನಿಲ್ಲಿಸಿದವು. 90 ಭಾಗ ತೆಗೆದಾಗ ನಿಂತದ್ದು 17 ದಿನ.

ನಮ್ಮ ಸೀಮೆಗೆ ಈ ಲೆಕ್ಕ ಬಹಳ ಮುಖ್ಯ. ಅಶ್ವಿನಿ, ಭರಣಿ ಮಳೆ ಆದ ಮೇಲೆ ಜೂನ್, ಜುಲೈನಲ್ಲಿ ನಮ್ಮಲ್ಲಿ ಮಳೆ ಕೈಕೊಡುವುದು ಹೊಸತಲ್ಲ. ಒಳ್ಳೆಯ ಮಳೆ ಮತ್ತೆ ಕಾಣುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ನಡುವಿನ ಒಣ ದಿನಗಳನ್ನು ದಾಟಬೇಕಾದರೆ ಹುಲ್ಲಿನ ಬೇರು ಆಳಕ್ಕೆ ಇಳಿದಿರಬೇಕು. ಮೇ ತಿಂಗಳಲ್ಲಿ ನೆಲ ಹತ್ತುವಂತೆ ಮೇಯಿಸಿದ ಹುಲ್ಲಿನ ಬೇರು ಮೇಲೆಯೇ ಉಳಿದಿರುತ್ತದೆ. ಜೂನ್‌ನಲ್ಲಿ ಹದಿನೈದು ದಿನ ಮಳೆ ಹೋದರೆ ಅದು ಬಾಡುತ್ತದೆ. ನಾವು ಮಳೆಯನ್ನು ದೂರುತ್ತೇವೆ. ಮಳೆಯ ತಪ್ಪು ಅರ್ಧ, ಉಳಿದರ್ಧ ನಮ್ಮದು.

ಎಲ್ಲ ಹುಲ್ಲೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಗರಿಕೆ ನೆಲದ ಮೇಲೆ ಹಬ್ಬುವ ಜಾತಿ. ಅದರ ಕುಡಿ ಹುಟ್ಟುವ ಗೆಣ್ಣು ನೆಲಕ್ಕೆ ಅಂಟಿಕೊಂಡಿರುವುದರಿಂದ ದನದ ಬಾಯಿಗೆ ಅಷ್ಟಾಗಿ ಸಿಕ್ಕುವುದಿಲ್ಲ. ಆದ್ದರಿಂದ ಎಷ್ಟು ಮೇಯಿಸಿದರೂ ಗರಿಕೆ ಉಳಿಯುತ್ತದೆ. ಅಂಜನ್ ಹುಲ್ಲು, ಗಿನಿ ಹುಲ್ಲು, ಗುಡ್ಡದ ಪೊದೆ ಹುಲ್ಲುಗಳು ಮೇಲಕ್ಕೆ ಏಳುವ ಜಾತಿ. ಇವುಗಳ ಕುಡಿ ಕಾಂಡದ ಜೊತೆ ಮೇಲೇರುತ್ತದೆ. ಅದು ಕತ್ತರಿಸಿ ಹೋದರೆ ಬುಡದ ಮೊಗ್ಗಿನಿಂದ ಹೊಸ ಕುಡಿ ಬರಬೇಕು, ಅದಕ್ಕೆ ಮತ್ತೆ ಉಳಿತಾಯ ಬೇಕು. ಒಂದು ಗೋಮಾಳದಲ್ಲಿ ಪೊದೆ ಹುಲ್ಲು ಮಾಯವಾಗಿ ಗರಿಕೆಯೊಂದೇ ಉಳಿದಿದ್ದರೆ, ಅಲ್ಲಿ ವರ್ಷಗಳಿಂದ ಬಿಡುವಿಲ್ಲದೆ ಮೇಯಿಸಿದ್ದಾರೆ ಎಂದು ನೋಡಿದ ಕೂಡಲೇ ಹೇಳಬಹುದು.

ಹಸುವಿನ ಬಾಯಿಯ ಲೆಕ್ಕ

"ಹುಲ್ಲಿನ ಕಷ್ಟ ಇರಲಿ, ನನ್ನ ಹಸುವಿನ ಹೊಟ್ಟೆ ತುಂಬಿದರೆ ಸಾಕು" ಎನ್ನುವ ಸದಸ್ಯರಿಗೂ ಒಂದು ಲೆಕ್ಕವಿದೆ.

ಆಸ್ಟ್ರೇಲಿಯಾದ ಸ್ಟಾಬ್ಸ್ ಎಂಬವರು 1970ರ ದಶಕದಲ್ಲಿ ಉಷ್ಣವಲಯದ ಹುಲ್ಲುಗಾವಲುಗಳಲ್ಲಿ ಹಸುಗಳ ತುತ್ತುಗಳನ್ನೇ ಎಣಿಸಿದರು. ಹಗಲು ರಾತ್ರಿ ಹುಲ್ಲಿನಲ್ಲೇ ಇರುವ ಹಸು ಕೂಡ ದಿನಕ್ಕೆ ಸುಮಾರು 36,000 ತುತ್ತುಗಳಿಗಿಂತ ಹೆಚ್ಚು ತೆಗೆಯಲಾರದು, ಒಂದು ತುತ್ತಿನಲ್ಲಿ 0.3 ಗ್ರಾಂಗಿಂತ ಕಡಿಮೆ ಮೇವು ಸಿಕ್ಕರೆ ಅದರ ಹೊಟ್ಟೆ ತುಂಬುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಇದು ನೀರಿನ ಅಂಶ ಕಳೆದ ತೂಕ.

ನಮ್ಮ ಹಸುಗಳು ಮೇಯುವುದು ಹಗಲು ಮಾತ್ರ. ಹತ್ತು ಗಂಟೆಗೆ ಹೊರಟು ಐದಕ್ಕೆ ಮನೆಗೆ ಬರುವ ಹಸು ನಡೆದದ್ದು, ನೀರು ಕುಡಿದದ್ದು, ನೆರಳಲ್ಲಿ ನಿಂತದ್ದು ಕಳೆದರೆ ಆರು ಗಂಟೆ ಮೇಯಬಹುದು. ನಿಮಿಷಕ್ಕೆ 50 ತುತ್ತಿನಂತೆ 18,000 ತುತ್ತು. ಹುಲ್ಲು ಒಳ್ಳೆಯ ಎತ್ತರದಲ್ಲಿದ್ದು ತುತ್ತಿಗೆ 0.3 ಗ್ರಾಂ ಸಿಕ್ಕಿದರೆ ಐದೂವರೆ ಕಿಲೋದಷ್ಟು ಒಣ ತೂಕದ ಮೇವು ಒಳಗೆ ಹೋಗುತ್ತದೆ. ಹುಲ್ಲು ಒಂದೂವರೆ ಅಂಗುಲವಿದ್ದು ತುತ್ತಿಗೆ ಅದರ ಅರ್ಧ ಸಿಕ್ಕಿದರೆ ಎರಡೂ ಮುಕ್ಕಾಲು ಕಿಲೋ ಮಾತ್ರ. 400 ಕಿಲೋ ತೂಕದ ಮಿಶ್ರತಳಿ ಹಸುವಿಗೆ ಎಲ್ಲ ಮೇವೂ ಸೇರಿ ದಿನಕ್ಕೆ 10 ಕಿಲೋ ಒಣ ತೂಕ ಬೇಕು. ಹಸಿರು ಕಂಡಿತೆಂದು ನಾವು ಮನೆಯ ಒಣ ಹುಲ್ಲನ್ನೂ ನಿಲ್ಲಿಸಿದ್ದರೆ ಹಸು ಇಡೀ ದಿನ ಓಡಾಡಿಯೂ ಹಸಿದೇ ಬರುತ್ತದೆ. ಓಡಾಟಕ್ಕೆ ಖರ್ಚಾದ ಶಕ್ತಿಯನ್ನು ಹಾಲಿನಿಂದ ಕಳೆಯಬೇಕು.

ಇನ್ನು ಎಳೆ ಹುಲ್ಲಿನಲ್ಲಿ ನೀರೇ ಹೆಚ್ಚು. ನೂರು ಕಿಲೋ ಎಳೆ ಚಿಗುರಿನಲ್ಲಿ 12ರಿಂದ 15 ಕಿಲೋ ಮಾತ್ರ ಒಣ ಪದಾರ್ಥ. ನಾರು ಕಡಿಮೆ. ಹಾಲಿನ ಜಿಡ್ಡಿಗೆ ಬೇಕಾದ ಕಚ್ಚಾ ಸಾಮಗ್ರಿ ತಯಾರಾಗುವುದು ಹಸುವಿನ ಹೊಟ್ಟೆಯಲ್ಲಿ ನಾರು ಕೊಳೆತಾಗ. ನಾರು ಕಡಿಮೆಯಾದರೆ ಸಗಣಿ ತೆಳ್ಳಗಾಗುತ್ತದೆ, ಜಿಡ್ಡು ಇಳಿಯುತ್ತದೆ. ಒಟ್ಟು ಮೇವಿನ ಶಕ್ತಿ ಸಾಲದೆ ಹೋದರೆ ಜಿಡ್ಡೇತರ ಘನಾಂಶವೂ, ಅಂದರೆ ತಾವು ಸಂಘದಲ್ಲಿ ಹೇಳುವ ಎಸ್.ಎನ್.ಎಫ್. ಕೂಡ, ಕುಸಿಯುತ್ತದೆ. ಪರೀಕ್ಷೆಯ ಯಂತ್ರ ಸರಿಯಿಲ್ಲ ಎಂದು ಕಾರ್ಯದರ್ಶಿಯ ಮೇಲೆ ಸಿಟ್ಟಾಗುವ ಮೊದಲು ಸಗಣಿಯನ್ನು ಒಮ್ಮೆ ನೋಡಿ.

ತಡ ಮಾಡಿದರೂ ನಷ್ಟವೇ

ಹಾಗೆಂದು ಹುಲ್ಲು ಎದೆಯುದ್ದ ಬೆಳೆದು ತೆನೆ ಒಣಗುವವರೆಗೂ ಕಾಯಬೇಕೆಂದಲ್ಲ. ನಮ್ಮ ಬಿಸಿಲು ನಾಡಿನ ಹುಲ್ಲುಗಳು ಬೇಗ ಬೆಳೆಯುತ್ತವೆ, ಬೇಗ ಬಲಿಯುತ್ತವೆ. ಬಲಿತಂತೆ ಸಸಾರಜನಕ ಇಳಿಯುತ್ತದೆ. ಮೇವಿನಲ್ಲಿ ಸಸಾರಜನಕ ನೂರಕ್ಕೆ 7 ಭಾಗಕ್ಕಿಂತ ಕೆಳಗಿಳಿದರೆ ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದಾಗುತ್ತದೆ. ಅವು ಕೆಲಸ ನಿಧಾನ ಮಾಡಿದರೆ ತಿಂದದ್ದು ಕರಗುವುದಿಲ್ಲ, ಹೊಟ್ಟೆ ಖಾಲಿಯಾಗುವುದಿಲ್ಲ, ಹಸು ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

ಬ್ರೆಜಿಲ್ ದೇಶದವರು ಗಿನಿ ಹುಲ್ಲಿನ ಮೊಂಬಾಸಾ ತಳಿಯಲ್ಲಿ ಇದನ್ನು ಸೂಕ್ಷ್ಮವಾಗಿ ನೋಡಿದ್ದಾರೆ. ಹುಲ್ಲು ದಟ್ಟವಾಗಿ, ಬಿಸಿಲಿನ ನೂರಕ್ಕೆ 95 ಭಾಗವನ್ನು ಎಲೆಗಳೇ ಹಿಡಿದುಕೊಳ್ಳುವಷ್ಟು ಬೆಳೆದಾಗ ಮೇಯಿಸಬೇಕು ಎನ್ನುವುದು ಅವರ ಸೂತ್ರ. ಅಲ್ಲಿಂದ ಮುಂದೆ ಬುಡಕ್ಕೆ ಬೆಳಕು ಬೀಳದೆ ಕೆಳಗಿನ ಎಲೆ ಸಾಯುತ್ತದೆ, ಹುಲ್ಲು ಬೆಳಕಿಗಾಗಿ ಕಾಂಡ ಎತ್ತುತ್ತದೆ. ಆ ತಳಿಯಲ್ಲಿ ಈ ಹಂತ ಬರುವುದು ಸುಮಾರು 90 ಸೆಂಟಿಮೀಟರ್, ಅಂದರೆ ಮೂರಡಿ ಎತ್ತರದಲ್ಲಿ. ನಮಗೆ ಯಂತ್ರ ಬೇಡ. ಹುಲ್ಲನ್ನು ಕೈಯಿಂದ ಸರಿಸಿ ಬುಡ ನೋಡಿ. ಬುಡದ ಎಲೆ ಹಳದಿಯಾಗಲು ತೊಡಗಿದ್ದರೆ ಸಮಯ ಬಂದಿದೆ, ಒಣಗಿ ಹೋಗಿದ್ದರೆ ಸಮಯ ಮೀರಿದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ

ಯಳಂದೂರು ಹಾಗೂ ಕೊಳ್ಳೇಗಾಲದ ನೀರಾವರಿ ಭಾಗದಲ್ಲಿ ಹೈನುರಾಸುಗಳನ್ನು ಹೆಚ್ಚಾಗಿ ಕಟ್ಟಿ ಮೇಯಿಸುತ್ತಾರೆ. ಭತ್ತದ ಹುಲ್ಲು, ಕಬ್ಬಿನ ಸೋಗೆ, ಬದುವಿನ ಹುಲ್ಲು, ಸೀಮೆ ಹುಲ್ಲು ಅವರ ಆಧಾರ. ಹನೂರು ಭಾಗದಲ್ಲಿ ಮಾತ್ರ ಮೇವೆಂದರೆ ಇಂದಿಗೂ ಗೋಮಾಳ, ಬೀಳು, ಕಾಡಂಚು.

ಮಹದೇಶ್ವರ ಬೆಟ್ಟದ ಸುತ್ತಿನ ಕಾಡುಗಳಲ್ಲಿ ಆಲಂಬಾಡಿ ತಳಿಯ ದನಗಳು ಮೇಯ್ದು ಬೆಳೆದವು. ಪಕ್ಕದ ತಮಿಳುನಾಡಿನ ಬರಗೂರು ಬೆಟ್ಟದಲ್ಲಿ ಬರಗೂರು ತಳಿ. ಹಿಂದಿನವರು ಕಾಡಿನಲ್ಲಿ ದೊಡ್ಡಿ ಹಾಕಿಕೊಂಡು, ಮೇವು ಮುಗಿದಂತೆ ದನ ಹೊಡೆದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಬಿಟ್ಟು ಬಂದ ಜಾಗದ ಹುಲ್ಲಿಗೆ ತಾನಾಗಿ ಬಿಡುವು ಸಿಗುತ್ತಿತ್ತು. ಇಂದು ಆ ಸ್ಥಿತಿ ಇಲ್ಲ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಜೀವಿ ಧಾಮವಾಯಿತು. ಕಾಡಿನೊಳಗೂ ಹುಲ್ಲಿನ ಜಾಗವನ್ನು ಲಂಟಾನ ನುಂಗಿದೆ. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ವಲಯದಲ್ಲಿ ವಿಷವಿಕ್ಕಿದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತ ಸುದ್ದಿ ತಮಗೆಲ್ಲ ತಿಳಿದದ್ದೇ. ಅದಾದ ಮೇಲೆ ಕಾಡಿನಲ್ಲಿ ದನ ಮೇಯಿಸುವ ವಿಷಯ ಸರ್ಕಾರದ ಮಟ್ಟದಲ್ಲಿಯೂ ರೈತರ ನಡುವೆಯೂ ದೊಡ್ಡ ಚರ್ಚೆಯಾಯಿತು.

ಅದರ ಸರಿ ತಪ್ಪು ಈ ಲೇಖನದ ವಿಷಯವಲ್ಲ. ನಾನು ಹೇಳಬಯಸುವುದು ಇಷ್ಟೇ: ಕಾಡನ್ನೇ ನಂಬಿ ಹೈನುಗಾರಿಕೆ ಮಾಡುವ ಕಾಲ ಮುಗಿಯುತ್ತಿದೆ. ಉಳಿದಿರುವ ಗೋಮಾಳ, ನಮ್ಮ ಅರ್ಧ ಎಕರೆ ಬೀಳು, ಹೊಲದ ಬದು ಇವುಗಳಿಂದಲೇ ಹೆಚ್ಚು ಹುಲ್ಲು ತೆಗೆಯಬೇಕು. ಇದಕ್ಕೆ ದುಡ್ಡಿಗಿಂತ ಮೊದಲು ಬೇಕಾದದ್ದು ಸಮಯದ ಶಿಸ್ತು.

ಸರದಿ ಮೇವು ಮಾಡುವ ಬಗೆ

ಹುಲ್ಲಿಗೆ ಬಿಡುವು ಕೊಡುವ ಲೆಕ್ಕವನ್ನು ಫ್ರಾನ್ಸ್ ದೇಶದ ಆಂದ್ರೆ ವಾಸೆನ್ ಎಂಬವರು 1957ರಲ್ಲಿ ತಮ್ಮ ಪುಸ್ತಕದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದರು. ಸಾರಾಂಶ ಎರಡು ಮಾತು. ಒಂದು, ಒಮ್ಮೆ ಮೇಯ್ದ ಹುಲ್ಲು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮತ್ತೆ ದನ ಬಿಡಬಾರದು. ಎರಡು, ದನ ಒಂದೇ ಜಾಗದಲ್ಲಿ ಬಹಳ ದಿನ ನಿಂತು, ಮೊನ್ನೆ ಮೇಯ್ದ ಬುಡದ ಹೊಸ ಚಿಗುರನ್ನು ಮತ್ತೆ ತಿನ್ನುವಂತಾಗಬಾರದು.

ಎಷ್ಟು ಭಾಗ ಮಾಡಬೇಕೆಂಬುದಕ್ಕೆ ಸುಲಭ ಲೆಕ್ಕ ಹೀಗಿದೆ. ಬಿಡುವಿನ ದಿನಗಳನ್ನು ಮೇಯಿಸುವ ದಿನಗಳಿಂದ ಭಾಗಿಸಿ ಒಂದು ಕೂಡಿಸಿ. ಮಳೆಗಾಲದಲ್ಲಿ ಅಂಜನ್ ಹುಲ್ಲಿಗೆ 30 ದಿನ ಬಿಡುವು ಬೇಕು, ಒಂದು ಭಾಗದಲ್ಲಿ 5 ದಿನ ಮೇಯಿಸುತ್ತೀರಿ ಎಂದುಕೊಳ್ಳಿ. 30ನ್ನು 5ರಿಂದ ಭಾಗಿಸಿದರೆ 6, ಒಂದು ಕೂಡಿಸಿದರೆ 7 ಭಾಗ. ಸ್ವಂತ ಬೀಳು ಇರುವವರು ಮುಳ್ಳಿನ ಬೇಲಿಯಿಂದಲೋ, ಗ್ಲಿರಿಸಿಡಿಯಾ ಗೂಟ ನೆಟ್ಟೋ ಹೀಗೆ ಭಾಗ ಮಾಡಿಕೊಳ್ಳಬಹುದು. ಬೇಲಿ ಸಾಧ್ಯವಿಲ್ಲದಿದ್ದರೆ ಉದ್ದ ಹಗ್ಗದಲ್ಲಿ ಗೂಟಕ್ಕೆ ಕಟ್ಟಿ ದಿನಕ್ಕೊಂದು ಜಾಗ ಬದಲಾಯಿಸಿದರೂ ಆಯಿತು.

ಊರ ಗೋಮಾಳವನ್ನು ಏಳು ಭಾಗ ಮಾಡುವುದು ಕಷ್ಟ. ನಾಲ್ಕು ಭಾಗ ಮಾಡಬಹುದು. ಹಳ್ಳ, ಕೆರೆ ಏರಿ, ಬಂಡಿ ದಾರಿ, ದೊಡ್ಡ ಹುಣಸೆಮರ ಇವೇ ಗಡಿ. ಒಂದೊಂದು ಭಾಗದಲ್ಲಿ 10 ದಿನ ಮೇಯಿಸಿದರೆ ಉಳಿದ ಮೂರಕ್ಕೆ 30 ದಿನ ಬಿಡುವು ಸಿಗುತ್ತದೆ. ಹತ್ತು ದಿನದ ಕೊನೆಗೆ ಸ್ವಲ್ಪ ಹೊಸ ಚಿಗುರು ದನದ ಬಾಯಿಗೆ ಹೋಗುತ್ತದೆ ನಿಜ. ಆದರೂ ವರ್ಷವಿಡೀ ಎಲ್ಲ ಕಡೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ದನ ಬಿಡಲು ಮತ್ತು ಹೊಡೆಯಲು ಈ ಗುರುತುಗಳನ್ನು ನೆನಪಿಡಿ:

1. ಮೊದಲ ಮಳೆಯ ನಂತರ ಮೂರು ವಾರವಾದರೂ ಬಿಡಬೇಡಿ. ಕುಡಿಯೊಂದರಲ್ಲಿ ಪೂರ್ತಿ ಬಿಚ್ಚಿದ ಮೂರು ನಾಲ್ಕು ಎಲೆ ಇರಬೇಕು. ಮಳೆ ಒಂದೇ ಬಿದ್ದು ನಿಂತು ಹೋಗಿದ್ದರೆ ಎರಡನೆಯ ಹದ ಮಳೆಯವರೆಗೆ ಕಾಯಿರಿ.

2. ಅಂಜನ್‌ನಂತಹ ಪೊದೆ ಹುಲ್ಲು ಒಂದಡಿ ದಾಟಿದಾಗ ಬಿಡಿ, ನಾಲ್ಕೈದು ಅಂಗುಲ ಉಳಿದಾಗ ಹೊಡೆಯಿರಿ. ಗರಿಕೆಯನ್ನು ಅರ್ಧ ಅಡಿ ಇದ್ದಾಗ ಬಿಡಿ, ಎರಡಂಗುಲ ಉಳಿಸಿ.

3. ಅರ್ಧ ದನಕ್ಕೆ, ಅರ್ಧ ಹುಲ್ಲಿಗೆ ಎಂಬುದು ಮೂಲ ನಿಯಮ. ಉಳಿಸಿದ ಅರ್ಧವೇ ಮುಂದಿನ ತಿಂಗಳ ಮೇವನ್ನು ತಯಾರಿಸುವ ಅಡುಗೆ ಮನೆ.

4. ಪ್ರತಿ ವರ್ಷ ಒಂದು ಭಾಗವನ್ನು ಹಿಂಗಾರಿನಲ್ಲಿ ಮುಟ್ಟದೆ ಬಿಟ್ಟು ಬೀಜ ಉದುರಿದ ಮೇಲೆ ನವೆಂಬರ್‌ನಲ್ಲಿ ಮೇಯಿಸಿ. ಮುಂದಿನ ವರ್ಷ ಬೇರೆ ಭಾಗ. ನಾಲ್ಕು ವರ್ಷಕ್ಕೆ ಇಡೀ ಗೋಮಾಳಕ್ಕೆ ಹೊಸ ಬೀಜ ಬಿದ್ದಂತಾಯಿತು.

5. ಮಳೆಗಾಲ ಮುಗಿಯುವಾಗ ನೆಲ ಹತ್ತುವಂತೆ ಮೇಯಿಸಬೇಡಿ. ಬೇಸಿಗೆ ದಾಟುವ ಉಳಿತಾಯ ಖಾತೆಗೆ ಜಮೆಯಾಗುವುದು ಆಗಲೇ.

"ನಾನು ಬಿಡದಿದ್ದರೆ ಪಕ್ಕದವನ ದನ ಮೇಯುತ್ತದೆ" ಎಂಬ ಮಾತು ಬಂದೇ ಬರುತ್ತದೆ, ಅದರಲ್ಲಿ ನಿಜವೂ ಇದೆ. ಒಬ್ಬರು ಕಟ್ಟಿಹಾಕಿ ನಾಲ್ವರು ಬಿಟ್ಟರೆ ಕಟ್ಟಿದವರಿಗೇ ನಷ್ಟ. ಆದ್ದರಿಂದ ಇದು ಒಬ್ಬರ ಕೆಲಸವಲ್ಲ, ಊರಿನ ಒಪ್ಪಂದ. ಕುರಿ, ಮೇಕೆ ಸಾಕುವವರನ್ನೂ ಸೇರಿಸಿ ಸಂಘದ ಸಭೆಯಲ್ಲೋ, ಊರ ಚಾವಡಿಯಲ್ಲೋ ಯುಗಾದಿಯ ಹೊತ್ತಿಗೆ ಮಾತಾಡಿ ಮುಗಿಸಬೇಕು. ಮಳೆ ಬಿದ್ದ ಮೇಲೆ ಮಾತಾಡಿದರೆ ಯಾರೂ ಕೇಳುವುದಿಲ್ಲ. ಮೊದಲ ವರ್ಷ ನಾಲ್ಕರಲ್ಲಿ ಒಂದೇ ಭಾಗವನ್ನು ಒಂದು ತಿಂಗಳು ಬಿಟ್ಟು ನೋಡಿ. ಆಷಾಢದಲ್ಲಿ ಆ ಭಾಗವೂ ಉಳಿದ ಭಾಗಗಳೂ ಪಕ್ಕಪಕ್ಕದಲ್ಲಿ ಕಂಡಾಗ ಬೇರೆ ಭಾಷಣ ಬೇಕಾಗುವುದಿಲ್ಲ.

ಆ ಮೂರು ವಾರ ಏನು ಹಾಕುವುದು?

ಇದೇ ನಿಜವಾದ ಕಷ್ಟ. ಜಮೀನಿಲ್ಲದ, ಒಂದೆರಡು ಹಸುವಿನ ಸದಸ್ಯರಿಗೆ ಇದು ಇನ್ನೂ ಹೆಚ್ಚು. ಕೆಲವು ದಾರಿಗಳಿವೆ.

ಉಳುಮೆಗೆ ಇರುವ ಹೊಲಗಳಲ್ಲಿ ಮೊದಲ ಮಳೆಗೆ ಏಳುವ ಕಳೆ ಹುಲ್ಲು ಹೇಗೂ ನೇಗಿಲಿಗೆ ಹೋಗುವಂಥದು. ಅದು ಮತ್ತೆ ಚಿಗುರಬೇಕಾಗಿಲ್ಲ. ಮೊದಲು ಅಲ್ಲಿ ಮೇಯಿಸಿ, ಗೋಮಾಳವನ್ನು ಆಮೇಲೆ ನೋಡಿ. ಇದೊಂದರಿಂದಲೇ ಗೋಮಾಳಕ್ಕೆ ಹತ್ತು ಹದಿನೈದು ದಿನ ಸಿಗುತ್ತದೆ. ಜೋಳದ ಕೂಳೆ ಇರುವ ಹೊಲ ಮಾತ್ರ ಬೇಡ, ಕಾರಣ ಮುಂದೆ ಹೇಳುತ್ತೇನೆ.

ಸುಗ್ಗಿಯಲ್ಲಿ ರಾಗಿ ಹುಲ್ಲನ್ನು ಮೇ ತಿಂಗಳ ಕೊನೆಯವರೆಗೆ ಲೆಕ್ಕ ಹಾಕಿ ಮೆದೆ ಒಟ್ಟಿ. ಹಸುವೊಂದಕ್ಕೆ ದಿನಕ್ಕೆ 5 ಕಿಲೋದಂತೆ ಮೂರು ವಾರಕ್ಕೆ ಒಂದು ಕ್ವಿಂಟಾಲಿಗೆ ಸ್ವಲ್ಪ ಹೆಚ್ಚು. ಬದುವಿನ ಮೇಲೆ ಗ್ಲಿರಿಸಿಡಿಯಾ, ಸುಬಾಬುಲ್, ಬೇಲಿ ಮಸಾಲೆ ಇದ್ದರೆ ದಿನಕ್ಕೆ ನಾಲ್ಕೈದು ಕಿಲೋ ಸೊಪ್ಪನ್ನು ಒಣ ಹುಲ್ಲಿನ ಜೊತೆ ಬೆರೆಸಿ ಕೊಡಬಹುದು. ಹಾಲಿನ ಲೀಟರಿಗೆ 400 ಗ್ರಾಂನಂತೆ ಪಶು ಆಹಾರ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ನಿಲ್ಲಿಸಬೇಡಿ.

ಹಸಿರಿಗೆ ಬಿಟ್ಟ ಮೇಲೂ ಮೊದಲ ಹತ್ತು ದಿನ ಬೆಳಿಗ್ಗೆ ಎರಡು ಮೂರು ಕಿಲೋ ಒಣ ಹುಲ್ಲು ತಿನ್ನಿಸಿಯೇ ಕಳುಹಿಸಿ. ಜಿಡ್ಡು ಇಳಿಯದಿರಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಕೊಯ್ದು ಹಾಕುವವರಿಗೆ

ಸೀಮೆ ಹುಲ್ಲಿಗೂ ಇದೇ ನಿಯಮ. ನೇಪಿಯರ್ ನೆಟ್ಟು 60ರಿಂದ 75 ದಿನಕ್ಕೆ ಮೊದಲ ಕೊಯ್ಲು, ಅನಂತರ 40ರಿಂದ 45 ದಿನಕ್ಕೊಮ್ಮೆ. ನೆಲದಿಂದ ನಾಲ್ಕರಿಂದ ಆರು ಅಂಗುಲ ಬಿಟ್ಟು ಕೊಯ್ಯಿರಿ. ನೆಲಕ್ಕೆ ಒತ್ತಿ ಕೊಯ್ದರೆ ಒಂದು ಹೊರೆ ಹೆಚ್ಚು ಸಿಕ್ಕಿದಂತೆ ಕಾಣುತ್ತದೆ, ಮುಂದಿನ ಕೊಯ್ಲು ತಡವಾಗಿ ಅದು ಕಳೆದು ಹೋಗುತ್ತದೆ. ಇಡೀ ಮಡಿಯನ್ನು ಒಂದೇ ಸಲ ಕೊಯ್ಯದೆ ದಿನಕ್ಕಿಷ್ಟು ಸಾಲು ಎಂದು ಗೊತ್ತು ಮಾಡಿಕೊಳ್ಳಿ. 40 ಸಾಲಿದ್ದರೆ ದಿನಕ್ಕೊಂದು ಸಾಲು. ಕೊನೆಯ ಸಾಲು ಮುಗಿಯುವಾಗ ಮೊದಲ ಸಾಲು ಸಿದ್ಧ. ಕೊಯ್ಲಾದ ಸಾಲಿಗೆ ಕೊಟ್ಟಿಗೆ ಗೊಬ್ಬರ, ನೀರು ಕೊಡುವುದನ್ನು ಮರೆಯಬೇಡಿ. ತೀರ ಎಳೆಯ ನೇಪಿಯರ್‌ನಲ್ಲಿ ಆಕ್ಸಲೇಟ್ ಎಂಬ ಆಮ್ಲದ ಅಂಶ ಹೆಚ್ಚಿದ್ದು, ಅದು ಮೇವಿನ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಹೊಸದಾಗಿ ಕರು ಹಾಕಿದ ಹಸುವಿಗೆ ಅದೊಂದನ್ನೇ ಹಾಕಬಾರದು.

ಕೆಲವು ಎಚ್ಚರಿಕೆಗಳು

ಜೋಳದ ಕೂಳೆಯ ಚಿಗುರು, ಮಳೆಯಿಲ್ಲದೆ ಸೊರಗಿದ ಎಳೆ ಜೋಳ ಇವುಗಳಲ್ಲಿ ಸಯನೈಡ್ ವಿಷವಿರುತ್ತದೆ. ಹನೂರು ಕಡೆಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಣಗಿ ನಿಂತ ಜೋಳಕ್ಕೆ ಒಂದು ಮಳೆ ಬಿದ್ದು ಚಿಗುರಿದಾಗ ಅಪಾಯ ಹೆಚ್ಚು. ತಿಂದ ಹಸು ಏದುಸಿರು ಬಿಟ್ಟು, ಬಾಯಲ್ಲಿ ನೊರೆ ಬಂದು, ತೂರಾಡಿ ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಸಾಯಲೂಬಹುದು. ಕೂಡಲೇ ಪಶುವೈದ್ಯರನ್ನು ಕರೆಸಿದರೆ ಚುಚ್ಚುಮದ್ದಿನಿಂದ ಉಳಿಸಬಹುದು. ಜೋಳದ ಮೇವನ್ನು ಹೂ ಬಂದ ಮೇಲೆಯೇ ಹಾಕಿ.

ಇಬ್ಬನಿ ಆರದ ಹುಲ್ಲಿನ ಮೇಲೆ ಜಂತುಹುಳುವಿನ ಮರಿಗಳು ಹತ್ತಿ ಕುಳಿತಿರುತ್ತವೆ. ಬಿಸಿಲೇರಿದ ಮೇಲೆ ಬಿಡಿ. ಬಿಡುವು ಕೊಟ್ಟ ಜಾಗದಲ್ಲಿ ಈ ಹುಳುಗಳೂ ಕಡಿಮೆಯಾಗುತ್ತವೆ ಎಂಬುದು ಸರದಿ ಮೇವಿನ ಇನ್ನೊಂದು ಲಾಭ.

ಹಸಿದ ರಾಸು ಲಂಟಾನ ಸೊಪ್ಪಿಗೂ ಬಾಯಿ ಹಾಕುತ್ತದೆ. ಅದರಿಂದ ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಪಾರ್ಥೇನಿಯಂ ತಿಂದರೆ ಹಾಲು ಕಹಿಯಾಗುತ್ತದೆ.

ಗಳಲೆ ರೋಗ, ಚಪ್ಪೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿ. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪಿಸಬೇಡಿ. ವನ್ಯಜೀವಿ ಧಾಮದಿಂದ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಕಾಯಿದೆಯೇ ಹೇಳುತ್ತದೆ. ಊರಿನ ರಾಸುಗಳೆಲ್ಲ ಒಂದೆಡೆ ಸೇರಿ ಮೇಯುವಾಗ ಒಂದರ ರೋಗ ಎಲ್ಲಕ್ಕೂ ಹರಡುತ್ತದೆ.

ಕೊನೆಯದಾಗಿ

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಮೊದಲ ಮಳೆಯ ಹಸಿರಿನ ವಿಷಯದಲ್ಲಿ ನಾವೆಲ್ಲರೂ ಆತುರಗಾರರೇ. ಬೀಜ, ಗೊಬ್ಬರ, ಸಾಲ ಯಾವುದೂ ಇಲ್ಲದೆ ಮೇವು ಹೆಚ್ಚಿಸುವ ದಾರಿ ಇದೊಂದೇ: ಮೂರು ವಾರ ಕಾಯುವುದು, ಅರ್ಧ ಬಿಡುವುದು, ಒಂದು ತಿಂಗಳು ಬಿಡುವು ಕೊಡುವುದು.

ಮುಂದಿನ ಮಳೆಗೆ ಮೊದಲು ತಮ್ಮ ಸಂಘದ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಕೋರುತ್ತೇನೆ. ಗೋಮಾಳದ ಭಾಗ ಮಾಡುವಾಗ, ಹುಲ್ಲಿನ ಜಾತಿ ಗುರುತಿಸುವಾಗ ನೆರವು ಬೇಕಿದ್ದರೆ ಕಾರ್ಯದರ್ಶಿಯ ಮೂಲಕ ತಿಳಿಸಿ. ಒಕ್ಕೂಟದ ವಿಸ್ತರಣಾ ಸಿಬ್ಬಂದಿ ಬಂದು ತಮ್ಮ ಜೊತೆಯಲ್ಲೇ ನಡೆದು ನೋಡುತ್ತಾರೆ.